ಗೂಬೆ ತಿರುವಿನ ಒದ್ದೆ

ಮದುವೆ ಮುರಿದುಕೊಳ್ಳುವಾಗ ಹೆಸ್ಟರ್ ಪ್ಯೂ ಮನೆ ಕೇಳಲಿಲ್ಲ, ಪಿಂಗಾಣಿ ಕೇಳಲಿಲ್ಲ, ನಾಯಿಯನ್ನೂ ಕೇಳಲಿಲ್ಲ. ಅರ್ಧ ಕಾರು ಕೇಳಿದಳು.

ವಕೀಲನಿಗೆ ನಗು ತಡೆಯಲಾಗಲಿಲ್ಲ. "ಯಾವ ಅರ್ಧ ಮೇಡಂ, ಮುಂದಿಂದೋ ಹಿಂದಿಂದೋ?" ಎಂದು ಕೇಳಿದ. ಹೆಸ್ಟರ್ ನಗಲಿಲ್ಲ. ವರ್ಷಕ್ಕೊಂದು ದಿನ, ಕ್ಲನ್‌ಬ್ರೂಕ್ ಬೆಟ್ಟದ ಪಂದ್ಯದ ದಿನ, ಆ ಕಾರನ್ನು ತಾನೂ ಓಡಿಸಬೇಕು, ಅಷ್ಟು ಬರೆಸಿದರೆ ಸಾಕು ಎಂದಳು. ಬೆಟ್ಟದ ಪಂದ್ಯವೆಂದರೆ ಒಂದೊಂದೇ ಕಾರು ಬೆಟ್ಟ ಹತ್ತುವುದು, ಬೇಗ ಹತ್ತಿದವರು ಗೆದ್ದಂತೆ. ಅದರಲ್ಲಿ ಒಂದೇ ಕಾರಿಗೆ ಇಬ್ಬರು ಹೆಸರು ಕೊಡುವುದು ಹೊಸದೇನಲ್ಲ. ಒಬ್ಬರು ಹತ್ತಿಸಿ ಇಳಿಸಿದ ಮೇಲೆ ಇನ್ನೊಬ್ಬರು ಅದನ್ನೇ ಹತ್ತಿಸುತ್ತಾರೆ. ಅಪ್ಪ ಮಗ, ಅಣ್ಣ ತಮ್ಮ, ಗಂಡ ಹೆಂಡತಿ ಹಾಗೆ ಬರುತ್ತಾರೆ. ಬಿಟ್ಟ ಗಂಡ ಮತ್ತು ಬಿಟ್ಟ ಹೆಂಡತಿ ಬಂದದ್ದು ಮಾತ್ರ ಅದೇ ಮೊದಲು. ಗಂಡ ರೋಲಂಡ್ ಟ್ರಾಂಟರ್ ತಕರಾರಿಲ್ಲದೆ ಸಹಿ ಹಾಕಿದ. "ಆ ದಿನ ಅವ್ಳು ಬರೋದೇ ಇಲ್ಲ ಬಿಡಿ" ಎಂದನಂತೆ.

ಆ ಕಾರು ಹುಟ್ಟಿದ್ದು ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ, ಎಷ್ಟೋ ಚಳಿಗಾಲಗಳನ್ನು ನುಂಗಿ. ಹೊರಗಿನ ಚಹರೆ ಅರವತ್ತರ ದಶಕದ ರೇಸ್ ಕಾರಿನದು: ತಲೆಯ ಮೇಲೆ ಸೂರಿಲ್ಲ, ಎರಡೇ ಸೀಟು, ಊದಿಕೊಂಡ ಕೆನ್ನೆಯಂಥ ಮಡ್‌ಗಾರ್ಡುಗಳು, ಇಳಿಯುವಾಗ ಕಾಲು ತಾಗಿದರೆ ಬೊಬ್ಬೆ ಏಳುವ ಹೊಗೆ ಕೊಳವೆ. ಒಳಗೆ ಲಾರಿ ಎಳೆಯಬಲ್ಲ ಅಮೆರಿಕದ ಎಂಜಿನ್. ಚಾಲಕನ ತಪ್ಪನ್ನು ತಾನೇ ತಿದ್ದುವ ಈ ಕಾಲದ ಕಂಪ್ಯೂಟರು ಗಿಂಪ್ಯೂಟರು ಏನೂ ಅದರಲ್ಲಿಲ್ಲ. ಅದಕ್ಕೊಂದು ಕೆಟ್ಟ ಬುದ್ಧಿಯೂ ಇತ್ತು. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಹಿಂಭಾಗ ಗಿರ್ರನೆ ಮುಂದಕ್ಕೆ ಬಂದುಬಿಡುತ್ತಿತ್ತು. ಕಾಲು ಊರಿಯೇ ಇದ್ದರೆ ನೆಲ ಕಚ್ಚಿಕೊಂಡು ಹೋಗುತ್ತಿತ್ತು. ಹೆದರಿದವರನ್ನೇ ಹುಡುಕಿ ಎತ್ತಿ ಎಸೆಯುವ ಕಾರು ಅದು.

ಅದರ ವೈರುಗಳನ್ನೆಲ್ಲ ಎಳೆದವಳು ಹೆಸ್ಟರ್. ಕಾರಿನಡಿ ಅಂಗಾತ ಮಲಗಿ, ಗೇರ್‌ಬಾಕ್ಸನ್ನು ಎದೆಯ ಮೇಲೆ ಹೊತ್ತು, ರೋಲಂಡ್ ಬೋಲ್ಟು ಹುಡುಕಿ ತರುವ ತನಕ ಕಾದವಳೂ ಅವಳೇ. ಕೊನೆಗೆ ಕ್ಲಬ್ಬಿನ ವಾರ್ಷಿಕ ಊಟದಲ್ಲಿ ಆ ಕಾರಿಗೆ ಬೆಳ್ಳಿಯ ಕಪ್ ಬಂತು. ರೋಲಂಡ್ ಎದ್ದು ನಿಂತು, "ಪೂರ್ತಿ ನಾನೊಬ್ನೇ ಮಾಡಿದ್ದು. ಹಾಂ, ನನ್ ಹೆಂಡ್ತಿಗೂ ಥ್ಯಾಂಕ್ಸ್ ಹೇಳ್ಬೇಕು, ಟೈಮಿಗೆ ಸರಿಯಾಗಿ ಟೀ ಮಾಡ್ಕೊಟ್ಲು" ಎಂದ. ಹಾಲಿಗೆ ಹಾಲೇ ಗೊಳ್ಳೆಂದಿತು. ಹೆಸ್ಟರ್ ಕೂಡ ನಕ್ಕಳು. ತಾನೂ ನಕ್ಕೆನಲ್ಲ ಎಂಬುದೇ ಅವಳಿಗೆ ಇಂದಿಗೂ ಹೊಟ್ಟೆಯಲ್ಲಿ ಕೆಂಡ. ಅದಾಗಿ ವರ್ಷ ತುಂಬುವ ಮೊದಲೇ ಅವನು ಬ್ರಯನಿ ಎಂಬವಳ ಮನೆ ಸೇರಿದ. ಗಂಡ ಹೋದದ್ದು ಅಷ್ಟೇನೂ ನೋಯಲಿಲ್ಲ ಎಂದು ಹೆಸ್ಟರ್ ಹೇಳುತ್ತಾಳೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅವಳಿಗೆ ಬೇಕಾದದ್ದು ಒಂದೇ. ಅದೇ ಕಾರಿನಲ್ಲಿ, ಆ ನಕ್ಕ ಜನರೆದುರು, ಅವನನ್ನು ಸೋಲಿಸಬೇಕು. ಕಾರು ಸರಿಯಿರಲಿಲ್ಲ ಎಂಬ ನೆಪವೂ ಅವನಿಗೆ ಸಿಗಬಾರದು.

ವರ್ಷವಿಡೀ ಕಲಿತಳು. ಕಲಿಸಿದವನು ಮರ್ವಿನ್ ಗಫ್, ಮಾಂಸದಂಗಡಿ ಮಗಳಿಗೆ ಬಿಟ್ಟು ಮನೆಯಲ್ಲಿ ಕೂತವನು, ಬಾಯಿ ತೆರೆದರೆ ಕುಚೇಷ್ಟೆ. ಅವನದೊಂದು ಹಳೆಯ ರೇಸ್ ಕಾರಿತ್ತು.

"ಮಂಡಿ ನೋವಿಗೆ ಎಣ್ಣೆ ಹಚ್ಕೊಳ್ಳೋ ವಯಸ್ಸಲ್ಲಿ ಇದೇನೇ ಮಾರಾಯ್ತಿ ನಿಂಗೆ?" ಎಂದು ಮೊದಲ ದಿನ ಕೇಳಿದ.

"ಸೇಡು" ಎಂದಳು ಹೆಸ್ಟರ್.

"ಓ, ಹಂಗಾದ್ರೆ ಸರಿ. ನಾನೆಲ್ಲೋ ಹವ್ಯಾಸ ಅಂದ್ಕೊಂಡೆ."

ಒಂದು ಸಂಗತಿಯನ್ನು ಮಾತ್ರ ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಬೆಟ್ಟದ ಮೇಲ್ಭಾಗದಲ್ಲಿ ಗೂಬೆ ತಿರುವು ಇದೆ. ಮರಗಳ ಕತ್ತಲಿನಲ್ಲಿ ಎಡಕ್ಕೆ ಹೊರಳುವ ತಿರುವು, ಆಚೆ ಏನಿದೆ ಎಂದು ಕಾಣುವುದಿಲ್ಲ. ಎಷ್ಟೋ ಬೇಸಿಗೆ ಅವಳು ಕೆಳಗಿನ ಬೇಲಿಯ ಬಳಿ ಫ್ಲಾಸ್ಕು, ಸ್ಟಾಪ್‌ವಾಚು ಹಿಡಿದು ನಿಂತು ರೋಲಂಡನ ಎಂಜಿನ್ ಸದ್ದು ಕೇಳಿದ್ದಳು. ತಿರುವು ಬರುವ ಮೊದಲೇ ಅವನು ಕಾಲೆತ್ತುತ್ತಿದ್ದ. ಮೆಲ್ಲಗೆ ಒಳಹೊಕ್ಕು, ಹೊರಗೆ ಬಂದ ಮೇಲೆ ಅಬ್ಬರಿಸುತ್ತಿದ್ದ. ಜನ ಅಬ್ಬರವನ್ನು ಕೇಳಿ ಗಂಡಸು ಅಂದರೆ ಇವನಪ್ಪ ಅನ್ನುತ್ತಿದ್ದರು.

ಪಂದ್ಯದ ಭಾನುವಾರ ಹೆಸ್ಟರ್ ಬಂದಳು. ಕಾರುಗಳು ನಿಲ್ಲುವ ಹುಲ್ಲುಗಾವಲಿನಲ್ಲಿ ಪೆಟ್ರೋಲಿನ ವಾಸನೆಗೆ ಹುರಿದ ಹಂದಿಮಾಂಸದ ವಾಸನೆ ಬೆರೆತಿತ್ತು. ಬೇಲಿಯ ಬಳಿ, ಅವಳು ನಿಲ್ಲುತ್ತಿದ್ದ ಜಾಗದಲ್ಲಿ, ಈಗ ಬ್ರಯನಿ ನಿಂತಿದ್ದಳು. ಫ್ಲಾಸ್ಕೂ ಅದೇ.

ರೋಲಂಡ್ ಎಲ್ಲರಿಗೂ ಕೇಳುವಂತೆ, "ಲೇಡೀಸ್ ಫಸ್ಟ್! ಮೊದಲು ಹೆಸ್ಟರ್ ಹೋಗ್ಲಿ" ಎಂದ.

ಸುತ್ತಲಿನವರು ಮುಸಿಮುಸಿ ನಕ್ಕರು. ಮೊದಲು ಹೋಗುವವರಿಗೆ ತಣ್ಣನೆಯ ಟೈರು, ಹಿಡಿತವಿಲ್ಲ. ಆಮೇಲೆ ಹೋಗುವವನಿಗೆ ಬಿಸಿಯಾದ ಟೈರು. ಅದು ಅಲ್ಲಿ ಯಾರಿಗೆ ಗೊತ್ತಿಲ್ಲ? ಮರ್ವಿನ್ ಜಗಳಕ್ಕೆ ಹೊರಟ. ಹೆಸ್ಟರ್ ಅವನ ತೋಳು ಹಿಡಿದು, "ಬಿಡೋ, ಆಗ್ಲಿ" ಎಂದಳು.

"ಹುಷಾರು ಕಣ್ರೀ" ಎಂದಳು ಬ್ರಯನಿ, ನಿಜವಾದ ಕಾಳಜಿಯಿಂದ. ಅವಳು ಒಳ್ಳೆಯವಳಾಗಿದ್ದುದು ಹೆಸ್ಟರಿಗೆ ಇನ್ನಷ್ಟು ಸಿಟ್ಟು ತರಿಸಿತು.

ಬೆಳಗಿನ ಓಟದಲ್ಲಿ ಅವಳು ಸೋತಳು. ಕಾರು ಅವಳನ್ನು ಓಡಿಸಿತೇ ಹೊರತು ಅವಳು ಕಾರನ್ನು ಓಡಿಸಲಿಲ್ಲ. ಅದು ಮೂಗು ಎತ್ತಿಕೊಂಡು ನೆಗೆದದ್ದಕ್ಕೆ ಅವಳ ಕತ್ತೇ ಹಿಂದಕ್ಕೆ ಹೋಯಿತು, ಗೇರ್ ತಪ್ಪಿತು, ಗೂಬೆ ತಿರುವಿನಲ್ಲಿ ಅವನು ಎತ್ತುವ ಜಾಗಕ್ಕಿಂತ ಮೊದಲೇ ಕಾಲೆತ್ತಿದಳು. ಆಮೇಲೆ ಸಾಲಿನಲ್ಲಿ ಬಂದು ನಿಂತ ರೋಲಂಡನ ಬಳಿಗೆ, ಆಗಷ್ಟೇ ಬೆಟ್ಟ ಇಳಿದಿದ್ದ ಆಲ್ವಿನ್ ಬೆಬ್ ನಡೆದು ಬಂದ. ಜಮೀನಿನ ಗಡಿಯ ವ್ಯಾಜ್ಯವಾದ ಮೇಲೆ ಇಬ್ಬರಿಗೂ ಮಾತಿಲ್ಲ. ಆದರೂ ಆಲ್ವಿನ್, "ಮೇಲ್ಗಡೆ ಗೇಟ್ ಹತ್ರ ಜಲ್ಲಿ ಬಿದ್ದಿದೆ, ನೋಡ್ಕೊಂಡು ಹೋಗು" ಎಂದು, ಮುಖ ತಿರುಗಿಸಿಕೊಂಡು ಹೋದ. ಬೆಟ್ಟದ ಜನರ ರೀತಿಯೇ ಹಾಗೆ. ಮನೆ ಮುರಿದವನಿರಲಿ, ಹೆಣ ನೋಡಬೇಕೆಂದುಕೊಂಡವನಿರಲಿ, ಮೇಲೆ ದಾರಿ ಹೇಗಿದೆ ಎಂಬುದನ್ನು ಕೆಳಗಿದ್ದವನಿಗೆ ಹೇಳಲೇಬೇಕು. ಯಾವ ನಿಯಮದ ಪುಸ್ತಕದಲ್ಲೂ ಅದು ಇಲ್ಲ, ಮುರಿದವರೂ ಇಲ್ಲ.

ರೋಲಂಡ್ ಅವಳಿಗಿಂತ ಎರಡು ಸೆಕೆಂಡು ಬೇಗ ಹತ್ತಿದ. ಇಳಿದು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿ, "ಎಲ್ಲೂ ಗೀರು ಮಾಡಿಲ್ಲ, ಪರ್ವಾಗಿಲ್ವೇ" ಎಂದು ಅವಳ ಬೆನ್ನು ತಟ್ಟಿದ. ಸುತ್ತಲಿದ್ದವರು ಮತ್ತೆ ನಕ್ಕರು. ಈ ಸಲ ಹೆಸ್ಟರ್ ನಗಲಿಲ್ಲ.

ಊಟದ ಹೊತ್ತಿಗೆ ಒಂದು ಮಳೆ ಸುರಿದು ಹೋಯಿತು. ಬಿಸಿಲು ಬಂದು ದಾರಿ ಒಣಗಿತು. ಮಧ್ಯಾಹ್ನದ ಓಟವೇ ಕೊನೆಯದು, ಎರಡರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಮತ್ತೆ ಹೆಸ್ಟರೇ ಮೊದಲು.

ಹಸಿರು ದೀಪ ಬಂತು. ಈ ಸಲ ಅವಳು ಕಾರನ್ನು ಓಲೈಸಲಿಲ್ಲ, ಕುತ್ತಿಗೆ ಹಿಡಿದಳು. ಎಂಜಿನ್ನಿನ ಸದ್ದು ಕಿವಿಯಿಂದಲ್ಲ, ಬೆನ್ನುಮೂಳೆಯಿಂದ ಒಳಗೆ ಹೋಯಿತು. ಹಿಂದಿನ ಗಾಲಿಗಳು ಕೂಗುತ್ತಿದ್ದವು, ಗಾಳಿ ಕೆನ್ನೆಗೆ ಬಾರಿಸುತ್ತಿತ್ತು, ಎರಡು ಕಡೆಯ ಬೇಲಿಗಳು ಕರಗಿ ಹಸಿರು ನೀರಾಗಿದ್ದವು. ಭಯವಿರಲಿಲ್ಲವೇ? ಇತ್ತು, ಬಾಯಿ ಒಣಗುವಷ್ಟು. ಆದರೆ ಇಂಥ ಭಯಕ್ಕಾಗಿ ಇನ್ನೊಂದು ಜನ್ಮ ಬೇಕಾದರೂ ಎತ್ತಿ ಬರಬಹುದು ಅನ್ನಿಸುವಷ್ಟು ಸುಖವೂ ಇತ್ತು. ಇಷ್ಟನ್ನೆಲ್ಲ ಅವನೊಬ್ಬನೇ ಇಷ್ಟು ವರ್ಷ ಉಂಡನಲ್ಲ ಎಂದು ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಗೂಬೆ ತಿರುವು ಬಂತು. ಬಲಗಾಲು ಮೇಲೇಳಲು ನೋಡಿತು. ಅವಳು ಬಿಡಲಿಲ್ಲ.

ತಿರುವಿನ ಆಚೆ, ಮರಗಳಡಿ, ದಾರಿ ಒದ್ದೆಯಾಗಿತ್ತು. ಹನಿ ಇನ್ನೂ ತೊಟ್ಟಿಕ್ಕುತ್ತಿತ್ತು. ಮೆಲ್ಲಗೆ ಹೋಗುವವರಿಗೆ ಅಲ್ಲೊಂದು ಒದ್ದೆ ಇದೆಯೆಂಬುದೇ ಗೊತ್ತಾಗುವುದಿಲ್ಲ. ಕಾಲು ಊರಿಕೊಂಡು ಬಂದವಳಿಗೆ ಗೊತ್ತಾಯಿತು. ಕಾರಿನ ಹಿಂಭಾಗ ಸೊಂಟ ತಿರುಗಿಸಿತು. ಮಣ್ಣಿನ ದಿಬ್ಬ ಅವಳ ಕಡೆಗೆ ಬಂತು, ಅದರ ಮೇಲಿದ್ದ ಜರಿಗಿಡದ ಎಲೆಗಳು ಒಂದೊಂದೂ ಕಂಡವು. ಕಾಲೆತ್ತಲಿಲ್ಲ. ಕಾರು ಯೋಚಿಸಿ, ನೆಟ್ಟಗಾಗಿ, ಅವಳನ್ನು ಮೇಲಕ್ಕೆ ಎಸೆಯಿತು.

ಧ್ವನಿವರ್ಧಕದವನು ಸಮಯವನ್ನು ಎರಡು ಸಲ ಓದಿದ, ತಾನೇ ನಂಬದವನಂತೆ. ರೋಲಂಡನ ಬೆಳಗಿನ ಓಟಕ್ಕಿಂತ ಅರ್ಧ ಸೆಕೆಂಡು ಕಡಿಮೆ! ಅವಳು ಇಳಿದು ಬರುವಾಗ ಬೇಲಿಯುದ್ದಕ್ಕೂ ಜನ ಟೋಪಿ ಬೀಸಿದರು. ಮರ್ವಿನ್ ಹುಲ್ಲಿನ ಮೇಲೆ ಕುಣಿಯುತ್ತಿದ್ದ. "ಏನೇ ಇವ್ಳೇ, ಟ್ರಾಂಟರ್ ಮುಖ ನೋಡು, ಕೆಟ್ಟೋದ ಕುರಿ ಲಿವರ್ ಇದ್ದಂಗಿದೆ!"

ಅದಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ರೋಲಂಡನಿಗೆ ಇನ್ನೊಂದು ಓಟ ಬಾಕಿಯಿತ್ತು, ಟೈರು ಈಗ ಬಿಸಿಯಾಗಿತ್ತು. ಅವನು ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಅವಳ ಹತ್ತಿರ ಬಂದ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಕಾರಿನ ವಿಷಯ ಅವಳನ್ನು ಒಂದು ಮಾತು ಕೇಳಿದವನಲ್ಲ.

"ಮೇಲೆ ಹೇಗಿದೆ?" ಎಂದ.

ಹೆಸ್ಟರ್ ಕೈಗವಸು ಬಿಚ್ಚುತ್ತಿದ್ದಳು. ಹೇಳಬೇಕಾದ ಮಾತು ಗಂಟಲ ತನಕ ಬಂದಿತ್ತು, ಸತ್ಯವಾಗಿಯೂ ಬಂದಿತ್ತು. ಅಷ್ಟರಲ್ಲಿ ಅವನು ತಗ್ಗಿದ ದನಿಯಲ್ಲಿ, "ಗೂಬೆ ತಿರುವಲ್ಲಿ ನೀನು... ಎಲ್ಲಿ ಕಾಲೆತ್ತಿದೆ?" ಎಂದು ಕೇಳಿದ.

"ಎತ್ಲೇ ಇಲ್ಲ" ಎಂದಳು.

"ಸುಳ್ಳು."

"ನಿನಗೆ ಆಗಲ್ಲ ಅಂದ್ರೆ ಬಿಡು ರೋಲಂಡ್. ಯಾವಾಗ್ಲೂ ಹೋಗೋ ಥರ ಹೋಗು, ತಿರುವಿಗೆ ಮೊದ್ಲೇ ಎತ್ಬಿಡು. ನಂಗೆ ಕೆಳಗೆ ಕೇಳ್ಸತ್ತೆ, ಬೇರೆ ಯಾರಿಗೂ ಕೇಳಲ್ಲ."

ಅವನ ಮುಖದ ರಕ್ತ ಇಳಿಯಿತು. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಒದ್ದೆಯ ಮಾತು ಮಾತ್ರ ಒಳಗೇ ಉಳಿಯಿತು. ಅವನು ಕಾರಿನ ಕಡೆ ಹೋಗುವಾಗ, ಬೆಲ್ಟ್ ಕಟ್ಟಿಕೊಳ್ಳುವಾಗ, ಸಾಲಿನಲ್ಲಿ ಒಂದೊಂದೇ ಕಾರಿನಷ್ಟು ಮುಂದೆ ಸರಿಯುವಾಗ ಅವಳಿಗೆ ಬೇಕಾದಷ್ಟು ಸಮಯವಿತ್ತು. ಓಡಿಹೋಗಿ ಹೇಳಬಹುದಿತ್ತು. ಬ್ರಯನಿ ಪಕ್ಕದಲ್ಲಿ ಬಂದು ನಿಂತು, "ನೀವು ಎಷ್ಟು ಚೆನ್ನಾಗಿ ಓಡಿಸಿದ್ರಿ" ಎಂದಳು. ಹೆಸ್ಟರ್ ಅವಳ ಕೈಯಲ್ಲಿದ್ದ ಫ್ಲಾಸ್ಕನ್ನು ನೋಡಿದಳು.

ರೋಲಂಡ್ ಹೊರಟ. ಕೆಳಗಿನ ಎರಡು ತಿರುವುಗಳನ್ನು ಎಂದೂ ಇಲ್ಲದಷ್ಟು ಚೆನ್ನಾಗಿ ದಾಟಿದ, ಸದ್ದಿನಲ್ಲೇ ಗೊತ್ತಾಯಿತು. ಹೆಸ್ಟರ್ ಕಣ್ಣು ಮುಚ್ಚಿದಳು. ಅವನು ಎಂದಿನಂತೆ ಕಾಲೆತ್ತುವ ಜಾಗ ಬಂತು. ಎತ್ತಲಿಲ್ಲ. ಸದ್ದು ಏರುತ್ತಲೇ ಹೋಯಿತು, ಮರಗಳೊಳಗೆ ಹೊಕ್ಕಿತು, ಇನ್ನೂ ಏರಿತು. ಆಮೇಲೆ ಕತ್ತರಿಸಿದಂತೆ ನಿಂತಿತು. ಕಾಲೆತ್ತಿದ್ದ. ಟೈರುಗಳ ಒಂದು ಉದ್ದದ ಕಿರುಚು, ಅದರ ಹಿಂದೆಯೇ ದಪ್ಪನೆಯ ಒಂದು ಪೆಟ್ಟು.

ಕೆಂಪು ಬಾವುಟಗಳು ಎದ್ದವು. ಧ್ವನಿವರ್ಧಕ ಬಾಯಿ ಕಟ್ಟಿಕೊಂಡಿತು. ಬ್ರಯನಿಯ ಕೈಯಿಂದ ಫ್ಲಾಸ್ಕ್ ಬಿತ್ತು. ಮೂವರೂ ಪಕ್ಕದ ಕಾಲುದಾರಿಯಲ್ಲಿ ಓಡಿದರು, ಬ್ರಯನಿ ಅಳುತ್ತಾ, ಮರ್ವಿನ್ ಏದುಸಿರು ಬಿಡುತ್ತಾ. ಎಲ್ಲರಿಗಿಂತ ಮುಂದೆ ಹೆಸ್ಟರ್ ಓಡಿದಳು. ಮಂಡಿ ನೋವು ನೆನಪಾಗಲಿಲ್ಲ. ಅಯ್ಯೋ ದೇವರೇ, ಹೆಚ್ಚೇನೂ ಆಗದಿರಲಿ, ಹೆಚ್ಚೇನೂ ಆಗದಿರಲಿ ಎಂದು ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು.

ಕಾರು ದಿಬ್ಬಕ್ಕೆ ಮುಖ ಹೂತು ನಿಂತಿತ್ತು. ಒಂದು ಕಡೆಯ ಮಡ್‌ಗಾರ್ಡು ಇರಲೇ ಇಲ್ಲ. ಮುಂದಿನ ಗಾಲಿ ಮುರಿದ ಕೈಯಂತೆ ಒಳಕ್ಕೆ ಮಡಚಿಕೊಂಡಿತ್ತು, ಅಡಿಯಿಂದ ಬಿಸಿನೀರು ಸುರಿಯುತ್ತಿತ್ತು. ರೋಲಂಡ್ ದಾರಿಯ ಬದಿಯ ಹುಲ್ಲಿನ ಮೇಲೆ, ಕಿತ್ತಳೆ ಬಣ್ಣದ ಅಂಗಿಯ ಬಾವುಟದವರ ನಡುವೆ, ಹೆಲ್ಮೆಟ್ ತೆಗೆದು ಕೂತಿದ್ದ. ಹಣೆಯಲ್ಲಿ ರಕ್ತ. ಬ್ರಯನಿ ಅವನ ಮೇಲೆ ಬಿದ್ದು ಮುಖ ಮೂತಿಯೆಲ್ಲ ತಡವಿದಳು. ಹೆಸ್ಟರ್ ಅವನನ್ನು ದಾಟಿ ನೇರ ಕಾರಿನ ಬಳಿ ಹೋಗಿ ಮಂಡಿಯೂರಿದಳು. ಒಡೆದ ಚೂರುಗಳನ್ನು ಅಂಗೈಯಲ್ಲಿ ಒತ್ತಿ ಒತ್ತಿ, ಎಲ್ಲಿಗೆ ಯಾವುದು ಕೂಡುತ್ತದೆ ಎಂದು ನೋಡಿದಳು. ಕಿತ್ತು ಜೋಲುತ್ತಿದ್ದ ವೈರುಗಳನ್ನು ಒಳಕ್ಕೆ ತುರುಕಿದಳು. ಕಣ್ಣಲ್ಲಿ ನೀರು ತುಂಬಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

"ಹೆಸ್ಟರ್" ಎಂದ ರೋಲಂಡ್ ಹಿಂದಿನಿಂದ. ದನಿ ಕ್ಷೀಣವಾಗಿತ್ತು. "ಅಳ್ಬೇಡ. ನಂಗೇನೂ ಆಗಿಲ್ಲ."

"ನಿನ್ ವಿಷ್ಯ ನಾನು ಕೇಳ್ಲಿಲ್ಲ" ಎಂದಳು ಅವಳು, ತಿರುಗದೆ.

ಬಾಯಿಂದ ಬಂದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಬ್ರಯನಿ ಅಳು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು. ಅವಳನ್ನು ನೋಡುತ್ತಿದ್ದ ಮರ್ವಿನ್, ಟೈರುಗಳು ಜಾರಿದ ಗುರುತಿನ ಮೇಲೆ ಬೂಟಿನ ತುದಿ ಒತ್ತಿ ಎತ್ತಿದ. ನೀರು ಹೊಳೆಯಿತು.

"ಇಲ್ಲಿ ಒದ್ದೆ ಇದೆಯಲ್ಲೇ" ಎಂದ ಮರ್ವಿನ್. ಅವನ ಮುಖದಲ್ಲಿ ಚೇಷ್ಟೆಯ ಸುಳಿವೇ ಇರಲಿಲ್ಲ. "ಅವನಿಗೆ ಹೇಳಿದ್ಯಾ?"

ಹೆಸ್ಟರ್ ಒಂದು ಚೂರನ್ನು ಇನ್ನೊಂದರ ಅಂಚಿಗೆ ಹಿಡಿದಳು, ಅದು ಕೂಡಲಿಲ್ಲ. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಅವಳು ಚೂರುಗಳ ನಡುವೆ ಹಾಗೇ ಕೂತಿದ್ದಳು.