ಜಾಗಾ ಹೆಚ್ಚಾಗೇತಿ

ಗಾಡಿ ಬಿಡುವ ಜಾಗ ನೋಡುವುದು ಜಮಾಲಬಿಯ ಕೆಲಸವಾಗಿತ್ತು. ಎತ್ತು ಹೊಡೆಯುವವನು ಗಂಡ ಮಲಿಕಸಾಬ, ಹತ್ತಿ ಹಿಂಜುವವನೂ ಅವನೇ. ಆದರೆ ಹೊತ್ತು ಇಳಿದು, ಎಲ್ಲಿ ನೊಗ ಇಳಿಸಬೇಕು ಅನ್ನುವ ಮಾತು ಬಂತೆಂದರೆ ಅವನು ಹಗ್ಗ ಸಡಿಲ ಬಿಟ್ಟು ಸುಮ್ಮನಾಗುತ್ತಿದ್ದ.

ಅವರು ಪಿಂಜಾರರು. ಸುಗ್ಗಿ ಬಂತೆಂದರೆ ಹುಬ್ಬಳ್ಳಿಯ ಬಾಡಿಗೆ ಕೋಣೆಗೆ ಕೀಲಿ ಹಾಕಿ, ತಟ್ಟಿ ಹೊದಿಸಿದ ಕೊಲ್ಲಾರಿ ಗಾಡಿಯೊಳಗೆ ಹಾಸಿಗೆ, ಹಿಟ್ಟಿನ ಡಬ್ಬಿ, ಕಬ್ಬಿಣದ ಒಲೆ, ಹಿಂಜುವ ಬಿಲ್ಲು ಎಲ್ಲ ಇಟ್ಟುಕೊಂಡು ಹೊರಡುವರು. ಕುಂದಗೋಳ, ಸಂಶಿ, ಯರಗುಪ್ಪಿ ಹೀಗೆ ಊರೂರು ತಿರುಗಿ ಹಳೆ ಗಾದಿ ಬಿಚ್ಚಿ, ಹತ್ತಿ ಹಿಂಜಿ, ತಿರುಗಿ ತುಂಬಿ ಹೊಲಿದು ಕೊಡುವರು. ಮುಂಗಾರಿನ ಮೋಡ ಕಂಡಾಗ ಮರಳಿ ಹುಬ್ಬಳ್ಳಿ. ಅಲ್ಲಿಯ ತನಕ ಗಾಡಿಯೇ ಮನೆ, ಊರ ಗಾಯರಾಣವೇ ಅಂಗಳ. ಗಾಯರಾಣವೆಂದರೆ ದನ ಮೇಯಲೆಂದು ಸರಕಾರ ಬಿಟ್ಟ ಭೂಮಿ. ಅದಕ್ಕೆ ಬಾಡಿಗೆ ಕೇಳುವವರಿಲ್ಲ, ಏಳು ಅನ್ನುವವರಿಲ್ಲ.

ಎರೆ ಸೀಮೆಯಲ್ಲಿ ಗಾಡಿ ಬಿಡುವುದೆಂದರೆ ಸುಮ್ಮನೆ ಅಲ್ಲ. ಒಣಗಿದಾಗ ಆ ನೆಲ ಬಾಯಿ ಬಿಡುತ್ತದೆ, ಎತ್ತಿನ ಗೊರಸು ಬಿರುಕಿನಲ್ಲಿ ಸಿಕ್ಕರೆ ಕಾಲು ಹೋಯಿತು. ನಾಲ್ಕು ಹನಿ ಬಿದ್ದರೆ ಅದೇ ನೆಲ ಗಾಲಿಯನ್ನು ನಡುವಿನ ಗುಂಬದ ತನಕ ನುಂಗಿ ಕೂತುಬಿಡುತ್ತದೆ. ಅದಕ್ಕೇ ಜಮಾಲಬಿ ದೂರದಿಂದಲೇ ನೀರು ನಿಲ್ಲದ, ಸಣ್ಣಕಲ್ಲಿನ ಗರಸು ನೆಲ ಹುಡುಕುವಳು. ಜಾಲಿ ಗಿಡ ಕುಳ್ಳಗೆ ಒರಟಾಗಿ ನಿಂತಿದ್ದರೆ ಅಲ್ಲಿ ಗರಸು ಇದ್ದೇ ಇರುತ್ತದೆ. ಊರ ನಾಯಿ ಮಲಗಿದ ಕಡೆ ಗಾಳಿ ಕಡಿಮೆ. ಗಾಳಿ ಜೋರಿದ್ದರೆ ಹಿಂಜಿದ ಹತ್ತಿಯೆಲ್ಲ ಊರ ಪಾಲು. ನೀರಿನ ಬಾಜೂಕೇ ಬಿಡಬಾರದು, ಅಲ್ಲಿ ಸೊಳ್ಳೆ, ರಾಡಿ, ಜಗಳ. ನೀರು ಒಂದು ಕೂಗಿನ ದೂರ ಇದ್ದರೆ ಸಾಕು, ಗಾಡಿಯ ಕೆಳಗೆ ತೂಗುಬಿಟ್ಟ ಕೊಡದಲ್ಲೇ ಅಡಿಗೆ, ಮುಖ ತೊಳೆಯುವುದು ಎಲ್ಲ ನೀಗಬೇಕು. ಇನ್ನು ಅಪ್ಪಣೆ ಕೇಳುವುದು ಚಾವಡಿಯಲ್ಲಲ್ಲ, ಬಾವಿಕಟ್ಟೆಯಲ್ಲಿ. ಊರಿಗೆ ಬಂದಾಕಿ ನೀರಿಗೆ ಬರದಿರ್ತಾಳೇನು? ನೀರಿಗೆ ಬಂದ ಹೆಂಗಸರು ಹೂಂ ಅಂದ ಮೇಲೆ ಅವರ ಗಂಡಸರು ಊಹೂಂ ಅಂದದ್ದನ್ನು ಜಮಾಲಬಿ ಕಂಡಿರಲಿಲ್ಲ.

ಯರಗುಪ್ಪಿಯ ನೀಲಕ್ಕ ಅವಳಿಗೆ ಗೆಳತಿಯಾಗಿ ಗಂಟುಬಿದ್ದದ್ದೂ ಬಾವಿಕಟ್ಟೆಯಲ್ಲೇ. ಗಾಯರಾಣಕ್ಕೆ ಹತ್ತಿದ ಹೊಲ ನೀಲಕ್ಕನದು. ಗಾಡಿ ಬಂದ ಸುದ್ದಿ ಕಿವಿಗೆ ಬಿದ್ದರೆ ಮಜ್ಜಿಗೆ ತಂಬಿಗೆ ಹಿಡಿದು ಬಂದು, ಗಾಡಿಯ ನೆರಳಿನಲ್ಲಿ ಕೂತು, ವರ್ಷದ ಮಾತೆಲ್ಲ ಒಂದೇ ಉಸಿರಿಗೆ ಆಡಿ ಎದ್ದು ಹೋಗುವಳು. ಗಂಡ ಈರಬಸಪ್ಪನ ಗೊರಕೆಯಿಂದ ಹಿಡಿದು ಮಗಳು ಅನ್ನವ್ವನ ಹಟದ ತನಕ ಯಾವುದನ್ನೂ ಬಿಡುತ್ತಿರಲಿಲ್ಲ.

ಎಪ್ಪತ್ತಾರರ ಸುಗ್ಗಿಯಲ್ಲಿ ಮಾತ್ರ ಹಾದಿ ಮೊದಲಿನಂತೆ ಇರಲಿಲ್ಲ. ಹಿಂದಿನ ವರ್ಷ ಗಾಡಿ ಬಿಟ್ಟಿದ್ದ ಒಂದು ಗಾಯರಾಣದಲ್ಲಿ ಗೋದಾಮು ಎದ್ದಿತ್ತು. ಇನ್ನೊಂದಕ್ಕೆ ಯಾರೋ ಮುಳ್ಳು ಬೇಲಿ ಬಡಿದಿದ್ದರು. ಸಂಶಿ ದಾಟುವಾಗ ಮಲಿಕಸಾಬ ಎತ್ತಿನ ಬಾಲದ ಕಡೆ ನೋಡುತ್ತ ಹೇಳಿದ:

"ಯರಗುಪ್ಪ್ಯಾಗೂ ಜಾಗಾ ಸಿಗಲಿಲ್ಲಂದ್ರ ಇನ್ನ ಮುಗೀತು. ಎತ್ತು ಮಾರಿಬಿಡೂಣು. ಫಕ್ರು ಕರ್ಯಾಕ ಹತ್ತಿ ಎಷ್ಟ ದಿನಾ ಆತು."

ಫಕ್ರುಸಾಬ ಅವನ ತಮ್ಮ. ಹುಬ್ಬಳ್ಳಿಯಲ್ಲಿ ಹತ್ತಿ ಹಿಂಜುವ ಯಂತ್ರ ಹಾಕಿದ್ದ.

"ಯಂತ್ರದ ಮುಂದ ಕುಂತು ಕೆಮ್ಮಿ ಕೆಮ್ಮಿ ಸಾಯೂದನ? ಯರಗುಪ್ಪ್ಯಾಗ ಜಾಗಾ ಸಿಗತೈತಿ. ನೀ ಸುಮ್ಕ ಹೊಡಿ" ಅಂದಳು ಜಮಾಲಬಿ.

ಹುಬ್ಬಳ್ಳಿಯ ಆ ಕೋಣೆಗೆ ಒಂದೇ ಕಿಟಕಿ. ತೆರೆದರೆ ಪಕ್ಕದವರ ಗೋಡೆ. ಹೆಣ್ಣುಮಕ್ಕಳನ್ನು ಕೊಟ್ಟಾಗಿತ್ತು, ಮನೆಯಲ್ಲಿ ಅವಳಿಗಾಗಿ ಕಾಯುವ ಜೀವ ಇರಲಿಲ್ಲ. ಎತ್ತು ಮೆಲುಕು ಹಾಕುವ ಸಪ್ಪಳ ತಲೆಯ ಹತ್ತಿರ ಇರದಿದ್ದರೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ವರ್ಷದಲ್ಲಿ ಬದುಕಿದ್ದೇನೆ ಅನಿಸುವುದೆಲ್ಲ ಈ ಹಾದಿಯಲ್ಲೇ. ಅದು ಹೋದರೆ ಉಳಿಯುವುದೇನು?

ಯರಗುಪ್ಪಿಯ ಗಾಯರಾಣ ಮುಟ್ಟಿದಾಗ ಹೊತ್ತು ಇನ್ನೂ ಇತ್ತು. ಮಲಿಕಸಾಬ ವಾಡಿಕೆಯ ಜಾಲಿ ಗಿಡದ ಹತ್ತಿರ ಗಾಡಿ ನಿಲ್ಲಿಸಿ ನೊಗಕ್ಕೆ ಕೈ ಹಾಕಿದ್ದ. ಅಷ್ಟರಲ್ಲಿ ಕೂಲಿ ಮಾಡುವ ಮಡಿವಾಳೆಪ್ಪ ಎದ್ದೆನೋ ಬಿದ್ದೆನೋ ಅಂತ ಓಡಿ ಬಂದ.

"ಏ ಸಾಬಾ, ಹಿಂದ ಸರಸೋ! ನಿನ್ನ ಎತ್ತು ನನ್ನ ಅಡಗಿಮನ್ಯಾಗ ನಿಂತಾವು!"

ಮಲಿಕಸಾಬ ಸುತ್ತ ನೋಡಿದ. ಗೋಡೆ ಇಲ್ಲ, ಚಪ್ಪರ ಇಲ್ಲ. "ಎಲ್ಲೈತೋ ನಿನ್ನ ಅಡಗಿಮನಿ?"

"ಕಲ್ಲು ಕಾಣ್ಸೂದಿಲ್ಲೇನು? ಇದು ಪಡಸಾಲಿ, ಅದು ಅಡಗಿಮನಿ, ಆ ಮೂಲ್ಯಾಗ ದೇವರು. ಮನಿ ಇಲ್ಲದವ್ರಿಗೆ ಸರಕಾರ ಜಾಗಾ ಹಂಚೇತಿ. ಗಾಯರಾಣ ಪೂರಾ ಹಂಚಿ ಹೋತು." ನೆಲದಲ್ಲಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟಿದ್ದರು. ಅವುಗಳ ನಡುವೆ ಮಡಿವಾಳೆಪ್ಪ ದೊಡ್ಡ ವಾಡೆಯಲ್ಲಿ ಓಡಾಡಿದ ಹಾಗೆ ಓಡಾಡುತ್ತಿದ್ದ. "ನಮ್ಮಪ್ಪ ಮಂದಿ ಕಟ್ಟಿ ಮ್ಯಾಲ ಸತ್ತ. ನಾ ನನ್ನ ಮನ್ಯಾಗ ಸಾಯ್ತೀನಿ ನೋಡ."

ಜಮಾಲಬಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚಲೋ ಇತ್ತು. ಅವನ ಮುಖ ನೋಡಿ, "ಸಾಯೂ ಮಾತು ಯಾಕೋ, ಮೊದಲ ಒಲಿ ಹಚ್ಚು" ಎಂದು ನಕ್ಕು ಗಂಡನಿಗೆ ಗಾಡಿ ಹಿಂದೆ ಸರಿಸಲು ಹೇಳಿದಳು.

"ಆತಲ್ಲ?" ಅಂದ ಮಲಿಕಸಾಬ.

"ಏನಾತು? ನೀಲಕ್ಕನ ಕಣ ಇಲ್ಲೇನು? ನಿಂದ್ರು, ಕೇಳಿ ಬರತೇನಿ."

ನೀಲಕ್ಕನ ಕಣ ಗಾಯರಾಣದ ಅಂಚಿನ ದಿಬ್ಬದ ಮೇಲಿತ್ತು. ಕೆಳಗೆ ಗರಸು, ಮೇಲೆ ಬಡಿದು ಸೆಗಣಿ ಸಾರಿಸಿ ಕಲ್ಲು ಮಾಡಿದ ನೆಲ. ಜೋಳದ ರಾಶಿ ಒಂದು ಬದಿಗೆ ಹೊಳೆಯುತ್ತಿತ್ತು. ನೀಲಕ್ಕ ಸೆರಗಿನಿಂದ ಮೂಗು ಬಾಯಿ ಬಿಗಿದುಕೊಂಡು, ಎತ್ತರದ ಮೆಟ್ಟಿನ ಮೇಲೆ ನಿಂತು ಮೊರ ಅಲುಗಿಸಿ ತೂರುತ್ತಿದ್ದಳು. ದಿನವೆಲ್ಲ ಸತ್ತು ಬಿದ್ದಿದ್ದ ಗಾಳಿ ಆಗತಾನೆ ಎದ್ದಿತ್ತು. ತೂರುವವರಿಗೆ ಆ ಹೊತ್ತಿನ ಗಾಳಿ ಎಂದರೆ ಬಂಗಾರ. ರಾಶಿ ಇರುವ ಕಣದೊಳಗೆ ಹೊರಗಿನವರು ಕಾಲಿಡಬಾರದು ಎಂದು ಜಮಾಲಬಿ ಅಂಚಿನಲ್ಲೇ ಚಪ್ಪಲಿ ಬಿಟ್ಟು ನಿಂತು ಕೂಗಿದಳು:

"ನೀಲಕ್ಕಾ! ಗಾಯರಾಣ ಹೋತವ್ವಾ. ನಮ್ಮ ಗಾಡಿ ಬಿಡಾಕ ನಿಮ್ಮ ಕಣದಾಗ ಒಂದೀಟು ಜಾಗಾ ಐತೇನು?"

ನೀಲಕ್ಕ ಮೊರ ನಿಲ್ಲಿಸಲಿಲ್ಲ. ಹೊಟ್ಟಿನ ಧೂಳಿನೊಳಗಿಂದ ಒದರಿದಳು:

"ಜಾಗಾ ಹೆಚ್ಚಾಗೇತಬೇ, ಜಮಾಲಾ!"

ಅಷ್ಟೇ ಅಂದು ಇನ್ನೊಂದು ಮೊರಕ್ಕೆ ಕೈ ಚಾಚಿದಳು.

ಜಮಾಲಬಿ ಇದ್ದಲ್ಲೇ ನಿಂತಳು. ರಾಶಿಯ ಎದುರು ಯಾರೂ "ಇಲ್ಲ" ಅನ್ನುವುದಿಲ್ಲ. ಇಲ್ಲ, ಸಾಕು, ತೀರಿತು ಅಂದರೆ ರಾಶಿಯ ಹುಲುಸು ಹೋಗುತ್ತದೆ. ಮನೆಯಲ್ಲಿ ಜೋಳ ಮುಗಿದರೆ ಹೆಚ್ಚಾಗೇತಿ, ಉಪ್ಪು ಮುಗಿದರೆ ಹೆಚ್ಚಾಗೇತಿ, ಕೈಯ ಬಳೆ ಒಡೆದರೂ ಹೆಚ್ಚಿತು. ಇಲ್ಲದ್ದನ್ನು ಹೆಚ್ಚಾಗಿದೆ ಅನ್ನುವುದು ಈ ಸೀಮೆಯ ಹೆಂಗಸರ ಮಾತು. ಇಲ್ಲೇ ಹುಟ್ಟಿ ಬೆಳೆದ ಜಮಾಲಬಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದೂರ ದೇಶದವರು ಯಾರಾದರೂ ಆಗಿದ್ದರೆ ಮಾತು ಬಂದ ಹಾಗೆ ತಿಳಿದು ಗಾಡಿ ಒಳಗೆ ಹೊಡೆಯುತ್ತಿದ್ದರು. ಅವಳು ತಿಳಿದವಳು. ಕಣದ ಅರ್ಧ ಬರಿದಾಗಿ ಬಿದ್ದದ್ದು ಕಣ್ಣೆದುರೇ ಇತ್ತು, ಅದಕ್ಕೇ ಮಾತು ಇನ್ನೂ ಒಳಗೆ ಇಳಿಯಿತು. ಇಷ್ಟು ಜಾಗ ಇಟ್ಟುಕೊಂಡೂ ಇಲ್ಲ ಅಂದಳಲ್ಲ!

ಚಪ್ಪಲಿ ಮೆಟ್ಟಿಕೊಂಡು ಬಂದವಳು ಗಾಡಿ ಹತ್ತಿ ಕೂತಳು. "ಹೊಡಿ."

"ಏನಂದ್ರು?"

"ಹೆಚ್ಚಾಗೇತಂತ."

ಮಲಿಕಸಾಬನಿಗೂ ತಿಳಿಯಿತು. ಆದರೂ ಎತ್ತು ಹೊಡೆಯಲಿಲ್ಲ. "ನೀಲಕ್ಕಾರು ಹಂಗ ಅನ್ನೂ ಪೈಕಿ ಅಲ್ಲಲೇ. ತೂರೂ ಗದ್ದಲದಾಗ ಏನ ಕೇಳಿತೋ ಏನೋ. ನಾ ಇನ್ನೊಮ್ಮೆ ಕೇಳಿ ಬರ್ಲೇನು?"

"ಬ್ಯಾಡ. ಒಮ್ಮೆ ಮುಚ್ಚಿ ಹೇಳಿದ್ದನ್ನ ಎರಡನೇ ಸಲ ಕೇಳಿದ್ರ ಬಿಚ್ಚಿ ಹೇಳಬೇಕಾಗತೈತಿ. ಆಕಿ ಬಾಯಿಲೆ ಅದನ್ನ ಕೇಳಾಕ ನನಗಾಗೂದಿಲ್ಲ. ಹೊಡಿ ಅಂದ್ರ ಹೊಡಿ."

ಅವನು ಹೊಡೆದ.

ಆ ಸಂಜೆ ಮೊದಲ ಸಲ ಜಮಾಲಬಿ ನೆಲ ನೋಡಲಿಲ್ಲ. ಜಾಲಿ ನೋಡಲಿಲ್ಲ, ಗಾಳಿ ನೋಡಲಿಲ್ಲ. ಕಣ್ಣು ಹಾದಿಯ ಮೇಲೆ, ಮನಸ್ಸು ಕಣದಲ್ಲಿ. ಹಳ್ಳದ ದಂಡೆ ಬಂದಾಗ ಮಲಿಕಸಾಬ, "ಇಲ್ಲಿ ಹ್ಯಾಂಗ?" ಅಂದದ್ದಕ್ಕೆ, "ಎಲ್ಲ್ಯಾದ್ರೇನು, ಬಿಡು" ಅಂದುಬಿಟ್ಟಳು. ಒಲೆಯ ಮೇಲೆ ರೊಟ್ಟಿ ಬೇಯುವ ಮೊದಲೇ ಪಡುವಣದಲ್ಲಿ ಗುಡುಗಿತು. ಅಡ್ಡಮಳೆ ಸುರಿಯಿತು. ಎರೆ ನೆಲ ಕರಗಿ ಗಾಡಿ ಒಂದು ಬದಿಗೆ ಕೂತಿತು. ಹಳ್ಳ ಏರುತ್ತದೆಂದು ಅಂಜಿ ಎತ್ತುಗಳನ್ನು ಮೇಲಕ್ಕೆ ಎಳೆಯಹೋದಾಗ ಬಲಗಡೆಯ ಎತ್ತು ಜಾರಿ ಬಿದ್ದು ಮುಂಗಾಲು ಮುರಿದುಕೊಂಡಿತು. ಗಂಡ ಅದರ ಕೊರಳಿಗೆ ಕೈ ಹಾಕಿ ರಾಡಿಯಲ್ಲೇ ಕೂತ. ಜಾಗ ಆರಿಸಿದವರು ಯಾರು ಅನ್ನುವ ಮಾತು ಅವರ ನಡುವೆ ಆವತ್ತೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

ಮುರಿದ ಕಾಲಿನ ಎತ್ತು ಹೋಯಿತು. ಜೋಡಿಯಿಲ್ಲದ ಎತ್ತನ್ನೂ ಗಾಡಿಯನ್ನೂ ಸಂಶಿಯಲ್ಲಿ ಕೊಟ್ಟು, ಸಾಮಾನು ಬಸ್ಸಿನ ಮೇಲೆ ಹೇರಿ ಹುಬ್ಬಳ್ಳಿಗೆ ಬಂದರು. ಮಲಿಕಸಾಬ ತಮ್ಮನ ಯಂತ್ರದ ಮುಂದೆ ಕೂತ. ಜಮಾಲಬಿ ಅಂಗಡಿಯ ಒಳಬದಿಗೆ ಕೂತು ಗಾದಿ ಹೊಲಿದಳು. ಹೊಲಿಯುವಾಗ ಎಷ್ಟೋ ಸಲ ನೀಲಕ್ಕನ ಮೇಲಿನ ಸಿಟ್ಟು ಏರಿ ಸೂಜಿ ಬೆರಳಿಗೆ ಚುಚ್ಚಿತ್ತು.

ಮರುವರ್ಷ ಬೇಸಿಗೆಯ ಒಂದು ಮುಂಜಾನೆ ಅಂಗಡಿಯ ಎದುರು ಹತ್ತಿಯ ಗಂಟು ಇಳಿಸಿ, ಬಾಗಿಲಲ್ಲಿ ನೀಲಕ್ಕನೇ ನಿಂತಳು.

"ಅಂತೂ ಸಿಕ್ಕಿ! ಪಿಂಜಾರ ಓಣಿ ಪೂರಾ ಕೇಳಕೋತ ಬಂದೇನಿ. ಅನ್ನವ್ವನ ಮದವಿ ಐತಿ. ಆಕಿ ಗಾದಿ ನೀ ಹೊಲೀಲಿಲ್ಲಂದ್ರ ನನಗ ಸಮಾಧಾನಿಲ್ಲ." ಕೂತು, ಬೆವರು ಒರೆಸಿಕೊಂಡು, ದನಿ ಇಳಿಸಿ ಕೇಳಿದಳು: "ಅಲ್ಲಬೇ, ಆವತ್ತ ಕೇಳಿದಾಕಿ ಎಲ್ಲಿ ಹೋದಿ? ಜಾಗಾ ಹೆಚ್ಚಾಗೇತಿ ಅಂತ ಹೇಳಿ, ತೂರೂದು ಮುಗಿಸಿ ಇಳದು ನೋಡತೀನಿ, ಗಾಡಿನ ಇಲ್ಲ! ಆ ವರ್ಷ ಬಣವಿ ಮಾರಿದ್ವಿ, ಅರ್ಧ ಕಣ ಖುಲ್ಲಾ ಬಿದ್ದಿತ್ತು. ಕಸಾ ಹೊಡದು, ಎತ್ತಿಗೆ ಕಣಕಿ ಹಾಕಿಸಿ, ಕತ್ತಲಾಗೂ ತನಕಾ ಹಾದಿ ನೋಡಿದೆ."

ಜಮಾಲಬಿಯ ಕೈಯಲ್ಲಿ ಸೂಜಿ ನಿಂತಿತು. ಯಂತ್ರದ ಸಪ್ಪಳದಲ್ಲೂ ಮಲಿಕಸಾಬ ಈ ಕಡೆ ತಿರುಗಿದ.

ಎತ್ತು ಕುಂಟುತ್ತಿತ್ತು, ಅವಸರ ಇತ್ತು ಅಂತ ಏನಾದರೂ ನೆಪ ಹೇಳಬಹುದಾಗಿತ್ತು. ಆದರೆ ನೀಲಕ್ಕ ಬಾಯಿ ನೋಡುತ್ತ ಕೂತಿದ್ದಳು. ಜಮಾಲಬಿ ಇದ್ದದ್ದನ್ನೇ ಅಂದಳು: "ರಾಶಿ ಮುಂದ ನಿಂತಿದ್ದಿ. ಇಲ್ಲ ಅನ್ನಾಕ ಬರೂದಿಲ್ಲಂತ ಹೆಚ್ಚಾಗೇತಿ ಅಂದಿ ಅಂತ ತಿಳಕೊಂಡೆ."

ನೀಲಕ್ಕ ಮೊದಲು ನಕ್ಕಳು. ಹೊಟ್ಟೆ ಹಿಡಿದು ನಕ್ಕಳು. "ಅಯ್ಯ ನಿನ್ನ, ಜಾಗಾ ಏನ ಜ್ವಾಳೇನ ತೀರಾಕ!" ನಗುತ್ತ ನಗುತ್ತ ಮಾತು ತಿರುಗಿ ಅವಳಿಗೇ ತಟ್ಟಿತೇನೋ, ನಗು ನಿಂತಿತು.

"ಇಷ್ಟ ವರ್ಷ ನನ್ನ ಕೂಡ ಕುಂತು ಉಂಡಾಕಿ, ನಾ ನಿನಗ ಇಲ್ಲ ಅಂದೇನಂತ ನಂಬಿದ್ಯಾ ಜಮಾಲಾ? ಇಲ್ಲ ಅನ್ನೂದಿದ್ರ ಮೊರಾ ಒಗದು ಗಾಡಿ ತನಕಾ ಬಂದು, ನಿನ್ನ ಕೈ ಹಿಡದು ಹೇಳತಿದ್ದೆ. ಕಣದಾಗ ನಿಂತು ಒದರತಿದ್ನೇನು?"

ಜಮಾಲಬಿ ಹತ್ತಿಯ ಗಂಟನ್ನು ಮುಂದಕ್ಕೆ ಎಳೆದುಕೊಂಡು ಬಿಚ್ಚಿದಳು.

ಗಾದಿ ಸಂಜೆಯೊಳಗೆ ಆಯಿತು. ಹೊಲಿಗೆ ಹಿಂದೆಂದೂ ಹಾಕದಷ್ಟು ಸಣ್ಣಗೆ ಹಾಕಿದಳು. ನೀಲಕ್ಕ ಬಾಜುವಿನಲ್ಲೇ ಕೂತು ನೂಲು ಕೊಡುತ್ತಿದ್ದಳು. ಮದುವೆಯ ಮಾತಾಡಿದಳು, ಗಂಡಿನ ಊರು ಮೊರಬ ಅಂದಳು, ಅಲ್ಲಿಯವರ ಒಣ ಡೌಲು ಆಡಿ ತೋರಿಸಿದಳು. ಬರುವ ಸುಗ್ಗಿಗೆ ಬರ್ರಿ ಅಂತ ಮಾತ್ರ ಅನ್ನಲಿಲ್ಲ. ಹಳ್ಳದಲ್ಲಿ ಎತ್ತು ಬಿದ್ದದ್ದು, ಗಾಡಿ ಮಾರಿದ್ದು ಅಷ್ಟರೊಳಗೆ ಮಲಿಕಸಾಬ ಹೇಳಿದ್ದ, ಬರಲು ಗಾಡಿ ಇಲ್ಲ ಅನ್ನುವುದು ಅಂಗಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಬಸ್‌ ಸ್ಟ್ಯಾಂಡಿನ ತನಕ ಜಮಾಲಬಿಯೇ ಗಾದಿ ಹೊತ್ತು ನಡೆದಳು. ಸಂಶಿಯ ಬಸ್ಸು ಬಂತು. ಕಂಡಕ್ಟರ್ ಗಾದಿಯನ್ನು ಮೇಲೆ ಹಾಕಿಸಿದ. ನೀಲಕ್ಕ ಕಿಟಕಿಯ ಬದಿಗೆ ಕೂತು, ಸರಳು ಹಿಡಿದು ಕೇಳಿದಳು:

"ಆವತ್ತ ನಿಮಗ ಹಳ್ಳದ ಕಡೆ ಭಾಳ ಮಳಿ ಆತಂತಲ್ಲ?"

"ಆತು."

"ನಮ್ಮಲ್ಲೂ ಆತು. ಕಣದಾಗ ಹನಿ ನಿಂದ್ರಲಿಲ್ಲ. ಮುಂಜಾನಿ ಎದ್ದು, ನಿಮಗಂತ ಕಸಾ ಹೊಡದ ಜಾಗಾದಾಗ ಕೈಯಿಟ್ಟು ನೋಡಿದೆ, ಒಣಗಿತ್ತು."

"ಅದನ್ನ್ಯಾಕ ನನಗ ಹೇಳತೀಯವ್ವಾ ನೀಲಕ್ಕಾ?"

"ಮತ್ತ್ಯಾರಿಗೆ ಹೇಳ್ಲಿ?" ಅಂದಳು ನೀಲಕ್ಕ.

ಬಸ್ಸು ಹಿಂದಕ್ಕೆ ಸರಿಯತೊಡಗಿತ್ತು. ಜಮಾಲಬಿ ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಟ್ಟಳು.