ಲೇತಿನ ನಂಬರು

ಗೋಡೆಗೆ ಒರಗಿಸಿ ಕೂರಿಸುವಾಗ ಗುರುಪಾದಪ್ಪನವರ ತಲೆ ಎಡಕ್ಕೆ ವಾಲಿತು. ಪಕ್ಕದ ಮನೆಯ ಜಯಸಿಂಹ ಅದನ್ನು ಎತ್ತಿ ಹಿಡಿದರು. ಸ್ವಾಮಿಗಳು ಹಣೆಗೆ ವಿಭೂತಿ ಬಳಿದು ಎಡ ಅಂಗೈಯಲ್ಲಿ ಲಿಂಗವಿಟ್ಟರು. ಗಂಗಾನಗರದ ಆ ಸಣ್ಣ ಹಾಲಿನಲ್ಲಿ ಎಲ್ಲರೂ ಅತ್ತು ದಣಿದಿದ್ದರು. ಹೊರಗೆ ವ್ಯಾನು ಕಾಯುತ್ತಿತ್ತು.

ಗಂಗಾದೇವಿ ಒಳಗಿನಿಂದ ಗಂಡನ ಪಾಟಿ ತಂದು ಮೈದುನನ ಮಗಳು ಐಶ್ವರ್ಯಳ ತೊಡೆಯ ಮೇಲಿಟ್ಟರು.

“ಇದನ್ನ ಮುಗಿಸವ್ವ. ಇವರ ಕಿವ್ಯಾಗ ಹೇಳಿ ಕಳಸ್ತೀನಿ.”

ಪಾಟಿಯ ತಲೆಯಲ್ಲಿ 30518827 ಇತ್ತು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಗುರುಪಾದಪ್ಪ ನಿವೃತ್ತಿಯವರೆಗೂ ನಡೆಸಿದ ಲೇತ್ ಯಂತ್ರದ ನಂಬರು. ಯಂತ್ರ ಗುಜರಿಗೆ ಹೋಯಿತು, ನಂಬರು ಮನೆಗೆ ಬಂತು. ಅದು ಯಾವುದರಿಂದಲೂ ಒಡೆಯದ ಅವಿಭಾಜ್ಯ ಸಂಖ್ಯೆಯೇ ಎಂದು ನೋಡಲು ಬೆಳಿಗ್ಗೆಗೊಂದು ಅವಿಭಾಜ್ಯದಿಂದ ಭಾಗಿಸುತ್ತಿದ್ದರು. ಎರಡು, ಮೂರು, ಐದು, ಏಳು, ಹೀಗೆ. 5521ರವರೆಗೂ ಒಡೆಯದಿದ್ದರೆ ಅದು ಅವಿಭಾಜ್ಯವೇ, ಮುಂದೆ ನೋಡುವುದೇ ಬೇಡ. ಇವತ್ತು ಬೆಳಿಗ್ಗೆ ಆ 5521ರ ಅರ್ಧದಲ್ಲೇ ಬಳಪ ಕೈಯಿಂದ ಜಾರಿತ್ತು.

“ಫೋನಲ್ಲಿ ಒತ್ತಮ್ಮ, ಎರಡು ಸೆಕೆಂಡು,” ಎಂದರು ಜಯಸಿಂಹ. “ಹೆಬ್ಬಾಳದಲ್ಲಿ ಸಿಕ್ಕಾಕೊಂಡ್ರೆ ಕತ್ತಲಾಗುತ್ತೆ ಕಣ್ರೀ.”

“ಫೋನ್ ಬ್ಯಾಡ್ರಿ. ಜನ್ಮೆಲ್ಲ ಟ್ರಾಫಿಕ್‌ನ್ಯಾಗ ನಿಂತಾರ, ಇನ್ನೊಂದು ತಾಸು ನಿಲ್ತಾರ,” ಎಂದರು ಗಂಗಾದೇವಿ.

*

ಏಳೆಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ 3607ರ ಸರದಿ. ಕಾಲೇಜಿಗೆ ಹೊರಟಿದ್ದ ಐಶ್ವರ್ಯ ದೊಡ್ಡಪ್ಪನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಕೊನೆಗೆ 3607 ಉಳಿಯಿತು. ದೊಡ್ಡಪ್ಪ ಅದರ ಕೆಳಗೆ 3607 ಬರೆದರು. ಗೆರೆ ಎಳೆದರು. ಗೆರೆಯ ಕೆಳಗೆ ಏನೂ ಬರೆಯಲಿಲ್ಲ.

ನಂಬರು ಒಡೆದಿತ್ತು.

“ದೊಡ್ಡಪ್ಪ, ಬಂತಲ್ಲ...”

ಅವರು ನಂಬರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಂಗೈಯಿಂದ ಒರೆಸಿದರು. ಅದರ ಕೆಳಗೆ ಮರುದಿನದ 3613 ಬರೆದಿಟ್ಟರು.

“ನಾಳಿಗಿ ಏನರ ಬೇಕಲ್ಲವ್ವ. ನಿಮ್ಮ ದೊಡ್ಡವ್ವಗ ಹೇಳಬ್ಯಾಡ. ನಮ್ಮನಿಯವರ ನಂಬರು ಯಾರಿಗೂ ಒಡಿಯಂಗಿಲ್ಲ ಅಂತ ಓಣಿ ತುಂಬ ಹೇಳ್ಕೊಂಡು ಬಂದಾಳ.”

*

ದೊಡ್ಡಪ್ಪ ಬಿಟ್ಟ ಸಾಲಿನಿಂದ ಐಶ್ವರ್ಯ ಮುಂದುವರಿಸಿದಳು. ಎರಡು ಸಲ ತಪ್ಪಿ ಮತ್ತೆ ಮಾಡಿದಳು. ಜಯಸಿಂಹ ಕೂಡ ನೆಲದ ಮೇಲೆ ಕೂತುಬಿಟ್ಟಿದ್ದರು.

“ನಾಕು ಸಾವಿರದ ಇನ್ನೂರ ಅರವತ್ತು ಉಳೀತು, ದೊಡ್ಡವ್ವ.”

“ಅಂದ್ರ ಒಡೀಲಿಲ್ಲ?”

ಐಶ್ವರ್ಯ ದೊಡ್ಡಪ್ಪನ ಮುಖ ನೋಡಿದಳು. ವಿಭೂತಿ ಆಗಲೇ ಒಣಗಿ ಬಿರಿಯುತ್ತಿತ್ತು.

“ಇದಕ್ಕೆ ಒಡೀಲಿಲ್ಲ,” ಎಂದಳು.

ಗಂಗಾದೇವಿ ಗಂಡನ ಕಿವಿಗೆ ಬಾಯಿಟ್ಟರು. ಏನು ಹೇಳಿದರೋ ಯಾರಿಗೂ ಕೇಳಿಸಲಿಲ್ಲ. ಗಂಡಸರು ಮುಂದೆ ಬಂದು ಅವರನ್ನು ಕೂತ ಹಾಗೆಯೇ ಎತ್ತಿದರು. ಬಾಗಿಲಲ್ಲಿ ಚಪ್ಪಲಿಗಳು ಅದಲು ಬದಲಾದವು, ವ್ಯಾನು ಹೊರಟಿತು.

ಮನೆ ಖಾಲಿಯಾದ ಮೇಲೆ ಗಂಗಾದೇವಿ ಪಾಟಿ ಎತ್ತಿಕೊಂಡರು. ನಂಬರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಂಗೈಯಿಂದ ಒರೆಸಿದರು. ಅದರ ಕೆಳಗೆ, ಸೊಟ್ಟ ಅಕ್ಷರದಲ್ಲಿ, 2 ಎಂದು ಬರೆದು ಮೊಳೆಗೆ ನೇತುಹಾಕಿದರು.