ಇಬ್ಬರ ಬೆಂಚು

ನಾನು ಒಂದು ಬೆಂಚು. ಆದರೆ ಬೆಂಚಾಗುವ ಮೊದಲು ತೊಲೆಯಾಗಿದ್ದೆ. ಗದಗಿನ ಹಳೆಯ ಮನೆಯೊಂದರ ಅಟ್ಟವನ್ನು ಹೊತ್ತುಕೊಂಡು, ಕೆಳಗೆ ಓಡಾಡುವವರ ನೆತ್ತಿಗಳನ್ನಷ್ಟೇ ನೋಡುತ್ತ ಬಹುಕಾಲ ಕಳೆದೆ. ಕಡೆಗೆ ಆ ಮನೆಯನ್ನು ಕೆಡವಿದರು. ಮೌನೇಶ ಬಡಿಗೇರ ನನ್ನನ್ನು ಕೊಂಡು ತಂದು ತನ್ನ ಅಂಗಳದಲ್ಲಿ ಬಿಸಿಲಿಗೆ ಹಾಕಿದ. ಇನ್ನು ನನ್ನ ಗತಿ ಒಲೆಯೇ ಎಂದುಕೊಂಡಿದ್ದೆ. ಅಷ್ಟರಲ್ಲಿ ಬಸಲಿಂಗವ್ವ ಬಂದಳು.

ಬಸಲಿಂಗವ್ವ ಪೇಟೆ ಓಣಿಯ ಬಳೆ ಅಂಗಡಿಯವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಮದುವೆಯಾಗದೆ ಉಳಿದಿದ್ದ ತಂಗಿ ಶಕುಂತಲೆಯ ಜೊತೆ ಅಂಗಡಿಯ ಹಿಂದಿನ ಕೋಣೆಗಳಲ್ಲಿ ಸಂಸಾರ ಹೂಡಿದ್ದಳು. ಅಕ್ಕ ದಪ್ಪ, ತಂಗಿ ಇನ್ನೂ ದಪ್ಪ.

"ಮೌನೇಶಣ್ಣ, ಇಬ್ರು ಕೂಡುವಂಥದೊಂದು ಬೆಂಚ್ ಮಾಡಿಕೊಡು. ನಾವು ಹೆಂಗ ಅದೀವಿ ನಿನಗ ಗೊತ್ತೈತಿ. ಕೂತ್ರ ಕಿರ್ ಅನಬಾರ್ದು," ಅಂದಳು.

"ಯಾಕಬೇ, ಕುರ್ಚಿ ಇದ್ದವಲ್ಲ?"

"ಮಂದಿ ಮದುವ್ಯಾಗ ಕುರ್ಚಿ ಮುರದು ಬಿದ್ಲು ನಮ್ಮ ಶಕ್ಕು. ಎಲ್ಲಾರೂ ನಕ್ರು. ಅವತ್ತಿನಿಂದ ಆಕಿ ಹೊರಗ ಎಲ್ಲೂ ಬರವೊಲ್ಲಳು."

ಮೌನೇಶ ನಗಲಿಲ್ಲ. ನನ್ನನ್ನು ಅಡ್ಡ ಮಲಗಿಸಿ, ಬೆರಳುಗಂಟಿನಿಂದ ತಟ್ಟಿ ನೋಡಿದ. ಕೊಯ್ದ, ತೋಪಡಾ ಹಿಡಿದು ಹೆರೆದು ನುಣುಪು ಮಾಡಿದ, ದಪ್ಪನೆಯ ನಾಲ್ಕು ಕಾಲು ಕೊಟ್ಟ. ಮೊಳೆಯನ್ನೇ ಮುಟ್ಟದೆ ಬರೀ ಗೂಟ ಬಡಿದು ಬಿಗಿದ. ಹಾಗೆ ನಾನು ಬೆಂಚಾದೆ. ಬಳೆ ಅಂಗಡಿಯ ಹಿಂದಿನ ಕೋಣೆಗೆ, ಗೋಡೆಯ ಪಕ್ಕಕ್ಕೆ ಬಂದು ಕೂತೆ.

ಮಧ್ಯಾಹ್ನ ಅಂಗಡಿಯ ಪರದೆ ಇಳಿಸಿ ಇಬ್ಬರೂ ಬರುತ್ತಿದ್ದರು. ಅಡುಗೆಮನೆಯ ಕಡೆಗೆ ಅಕ್ಕ, ಗೋಡೆಯ ಕಡೆಗೆ ತಂಗಿ. ಮುಂದಿನ ಮೇಜಿನ ಮೇಲೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಯಾವ ಮದುಮಗಳು ಬಳೆ ಇಡಿಸಿಕೊಳ್ಳುವಾಗ ಅತ್ತಳು, ಯಾವ ಅತ್ತೆ ಬಣ್ಣಕ್ಕೆ ಜಗಳ ತೆಗೆದಳು ಎಂದು ಮಾತು ಸಾಗುತ್ತಿತ್ತು. ಉಂಡಾದ ಮೇಲೂ ಎಂಜಲು ಕೈ ಒಣಗುವವರೆಗೆ ಏಳುತ್ತಿರಲಿಲ್ಲ. ಶಕುಂತಲೆ ನಕ್ಕರೆ ನನ್ನ ಹಲಗೆಯೆಲ್ಲ ನಡುಗುತ್ತಿತ್ತು. ಹೊರಗೆ ಅವಳ ದೇಹವನ್ನು ನೋಡಿ ನಗುವವರಿದ್ದರು. ಇಲ್ಲಿ, ನನ್ನ ಮೇಲೆ, ಅವಳೇ ನಗುವವಳು.

ಆದರೆ ವರ್ಷ ಕಳೆದಂತೆ ಆ ನಗೆಗೆ ಏದುಸಿರು ಸೇರಿಕೊಂಡಿತು. ಶಕುಂತಲೆಯ ಮೊಣಕಾಲು ಬಾತುಕೊಂಡವು. ಸಕ್ಕರೆ ಕಾಯಿಲೆ ಬಂತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಾಸಿಗೆ ಬಿಟ್ಟು ನನ್ನ ಮೇಲೆ ಕೂತು, ಗೋಡೆಗೆ ಒರಗಿ ನಿದ್ದೆ ಮಾಡುವುದನ್ನು ರೂಢಿ ಮಾಡಿಕೊಂಡಳು. ಒಂದು ದಿನ ಹುಬ್ಬಳ್ಳಿಯ ಡಾಕ್ಟರ ಹತ್ತಿರ ಒಬ್ಬಳೇ ಹೋಗಿ ಬಂದು, ಊಟದ ನಡುವೆ ಹೇಳಿದಳು: "ಅಕ್ಕಾ, ನಾ ಆಪರೇಶನ್ ಮಾಡಿಸಿಕೊಳ್ಳಾಕಿ. ಬೈಪಾಸ್ ಅಂತಾರ. ಹೊಟ್ಟಿ ಸಣ್ಣದ ಮಾಡಿ ಕರುಳಿಗೆ ಜೋಡಸ್ತಾರ."

ಬಸಲಿಂಗವ್ವನ ಕೈ ಬಾಯಿಗೆ ಹೋಗದೆ ನಿಂತಿತು. "ಹುಚ್ಚ ಹಿಡದೈತೇನ ನಿನಗ? ಕಡಿಮಿ ಉಂಡ್ರಾತು."

"ಎಷ್ಟು ಸಲ ಕಡಿಮಿ ಉಂಡೇನಿ, ನೀನ ಹೇಳು. ಇಳೀತೈತಿ, ಮತ್ತ ಏರತೈತಿ. ಸಣ್ಣ ಹುಡುಗ್ಯಾರು ಬಳಿ ಇಡಿಸಿಕೊಳ್ಳಾಕ ಬಂದ್ರ ಬಗ್ಗಾಕ ಬರೂದಿಲ್ಲ ನನಗ. ಹಿಂಗ ಗ್ವಾಡಿಗೆ ಆತುಕೊಂಡು ಎಷ್ಟ ದಿನ ಕೂಡ್ಲಿ?"

"ಹಂಗಾರ ನನ್ನ ಕೈ ಅಡಗಿ ನಿನಗ ವಿಷ ಆತು."

"ನಾ ಹಂಗ ಅಂದ್ನೇನ ಅಕ್ಕಾ?"

ಅಕ್ಕ ಅರ್ಧಕ್ಕೇ ಎದ್ದಳು. ತಾಟು ಎತ್ತಿಕೊಂಡು ಒಳಗೆ ಹೋದಳು. ಆದರೂ ಆಸ್ಪತ್ರೆಗೆ ಜೊತೆಗೆ ಹೋದವಳು ಅವಳೇ. ಅವರಿಲ್ಲದ ಆ ದಿನಗಳಲ್ಲಿ ನಾನು ಮೊದಲ ಸಲ ಖಾಲಿ ಕೂತೆ.

ಶಕುಂತಲೆ ಮರಳಿ ಬಂದಾಗ ಹೆಚ್ಚೇನೂ ಹಗುರಾಗಿರಲಿಲ್ಲ. ಆದರೆ ಕೂರುವ ರೀತಿ ಬದಲಾಗಿತ್ತು. ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಎಲ್ಲಿ ಒಡೆದುಹೋಗುವುದೋ ಎಂಬಂತೆ ನನ್ನ ಮೇಲೆ ಇಳಿಯುತ್ತಿದ್ದಳು. ಬರೀ ಬೇಳೆಯ ತಿಳಿ, ಮಜ್ಜಿಗೆ, ಡಾಕ್ಟರು ಬರೆದ ಪುಡಿ ಕಲಸಿದ ಹಾಲು, ಅದೂ ಗುಟುಕು ಗುಟುಕಾಗಿ. ಆಮೇಲೆ ನುಣ್ಣಗೆ ಕಿವುಚಿದ ಹೆಸರುಬೇಳೆ. ಒಂದು ಸಣ್ಣ ಬಟ್ಟಲು ಮುಗಿಸಲು ಅವಳಿಗೆ ಅರ್ಧ ಮಧ್ಯಾಹ್ನ ಬೇಕಾಗುತ್ತಿತ್ತು. ಉಣ್ಣುವಾಗ ನೀರು ಕುಡಿಯುವಂತಿರಲಿಲ್ಲ. ಸ್ವಲ್ಪ ಅವಸರ ಮಾಡಿದರೂ ತುತ್ತು ಎದೆಯಲ್ಲೇ ಸಿಕ್ಕಿಕೊಂಡು, ನೊರೆನೊರೆಯಾಗಿ ಹೊರಗೆ ಬರುತ್ತಿತ್ತು.

ಪಕ್ಕದಲ್ಲಿ ಬಸಲಿಂಗವ್ವ ರೊಟ್ಟಿ ಮುರಿದು ಉಣ್ಣಲು ನೋಡುತ್ತಿದ್ದಳು. ಅವಳ ಮನಸ್ಸು ತಡೆಯದು.

"ಇದೆಂಥಾ ಊಟನ? ಗುಬ್ಬಿ ಸೈತ ಇದಕ್ಕಿಂತ ಹೆಚ್ಚ ತಿಂತೈತಿ."

"ಸಾಕಾಗತೈತಿ ಅಕ್ಕಾ. ಖರೇನ ಸಾಕಾಗತೈತಿ."

ಆ ವರ್ಷದ ಹೋಳಿ ಹುಣ್ಣಿವೆಗೆ ಬಸಲಿಂಗವ್ವ ಹೋಳಿಗೆ ಮಾಡಿದಳು. ಸಿಹಿ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದು ಇಬ್ಬರಿಗೂ ಗೊತ್ತಿತ್ತು. ಆದರೆ ಹಬ್ಬದ ದಿನ, ತುಪ್ಪದ ವಾಸನೆ, ಅಕ್ಕನ ಮುಖ. "ಒಂದು ಚೂರು ತಿನ್ನ. ನಾನೊಬ್ಬಾಕಿನ ಹೆಂಗ ಹಬ್ಬ ಮಾಡ್ಲಿ?" ಅಂದಳು. ಶಕುಂತಲೆ ತಿಂದಳು. ಒಂದು ಚೂರು ಎರಡಾಯಿತು. ರುಚಿಗೆ ಅವಳ ಕಣ್ಣು ಮುಚ್ಚಿಕೊಂಡಿತು.

ಅಕ್ಕ ತಾಟು ತೆಗೆಯುವಷ್ಟರಲ್ಲಿ ಅವಳ ಮೈಯೆಲ್ಲ ಬೆವರಿತು. ಎದೆ ಬಡಿದುಕೊಳ್ಳುವ ಸದ್ದು ನನ್ನ ಹಲಗೆಗೂ ತಾಕುತ್ತಿತ್ತು. ಕೈಕಾಲು ನಡುಗಿ, ಕಣ್ಣು ಕತ್ತಲೆಗಟ್ಟಿ, ಹೊಟ್ಟೆ ಹಿಡಿದುಕೊಂಡು ನನ್ನ ಮೇಲೆಯೇ ಅಡ್ಡಾದಳು. ಬಸಲಿಂಗವ್ವ ಸೆರಗಿನಿಂದ ಗಾಳಿ ಹಾಕುತ್ತ, "ಶಕ್ಕೂ, ಶಕ್ಕೂ, ಕಣ್ಣ ತಗಿಯವ್ವಾ," ಎಂದು ಅಳತೊಡಗಿದಳು. ಕೆಲ ಹೊತ್ತಿಗೆ ಎಲ್ಲ ಇಳಿಯಿತು. ಶಕುಂತಲೆ ಎದ್ದು ಕೂತು, "ಏನಾಗಿಲ್ಲ ಅಕ್ಕಾ, ಹಿಂಗಾಗತೈತಿ ಅಂತ ಡಾಕ್ಟರು ಹೇಳಿದ್ರು," ಅಂದಳು. ಆದರೆ ಅಕ್ಕನ ಹೆದರಿಕೆ ಇಳಿಯಲಿಲ್ಲ.

ಮರುದಿನದಿಂದ ಅವಳು ನನ್ನ ಮೇಲೆ ಊಟಕ್ಕೆ ಕೂರಲಿಲ್ಲ. ತಂಗಿಯ ಬಟ್ಟಲು ತಂದಿಟ್ಟು, "ನೀ ಉಣ್ಣು, ನಂದು ಆಮ್ಯಾಲ ಆಗತೈತಿ," ಎಂದು ಒಳಗೆ ಹೋಗುತ್ತಿದ್ದಳು. ಶಕುಂತಲೆ ಒಬ್ಬಳೇ ಗೋಡೆ ನೋಡಿಕೊಂಡು ಅಗಿಯುತ್ತಿದ್ದಳು. ಪರದೆಯಾಚೆ ಓಣಿಯ ಸದ್ದು, ಒಳಗೆ ಪಾತ್ರೆಯ ಸದ್ದು, ನಡುವೆ ಅವಳ ಚಮಚೆ. ನಾಲಿಗೆಗೆ ಎಲ್ಲದರ ನೆನಪಿತ್ತು, ಹೊಟ್ಟೆಗೆ ಯಾವುದರ ಗೊಡವೆಯೂ ಇರಲಿಲ್ಲ. "ಯವ್ವಾ, ಹಸಿವು ಸೈತ ಬಿಟ್ಟುಹೋತಲ್ಲ," ಎಂದು ಒಮ್ಮೆ ತನ್ನಷ್ಟಕ್ಕೆ ಅಂದಳು. ಊರು ಬಿಟ್ಟುಹೋದ ಗೆಳತಿಯ ಮಾತು ತೆಗೆದಂತೆ ಕೇಳಿಸಿತು ನನಗೆ.

ತೂಕ ಇಳಿಯುತ್ತಿತ್ತು. ಕೆಲವು ವಾರ ಭರಭರನೆ, ಕೆಲವು ತಿಂಗಳು ಏನೂ ಇಲ್ಲ. ಇಳಿಯದ ತಿಂಗಳಲ್ಲಿ ಅವಳು ಬಟ್ಟಲನ್ನು ನೋಡುತ್ತ ಸುಮ್ಮನೆ ಕೂತುಬಿಡುತ್ತಿದ್ದಳು. ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಬೇಸಿಗೆಯಲ್ಲೂ ಚಳಿ ಎಂದು ಶಾಲು ಹೊದೆಯುತ್ತಿದ್ದಳು. ತೋಳಿನ ಚರ್ಮ ಜೋತುಬಿತ್ತು. ಆದರೆ ಮೊಣಕಾಲಿನ ನೋವು ಹೋಯಿತು. ಮಲಗಿದರೆ ಉಸಿರು ಸರಾಗವಾಯಿತು. ಹಾಸಿಗೆಗೆ ಮರಳಿದಳು. ಸಕ್ಕರೆ ಕಾಯಿಲೆಯ ಗುಳಿಗೆ ನಿಂತು, ಶಕ್ತಿಯ ಗುಳಿಗೆಗಳು ಬಂದವು. ಅವನ್ನು ಜೀವ ಇರುವತನಕ ನುಂಗಬೇಕಂತೆ.

ಅಂಗಡಿಯಲ್ಲಿ ನಡೆಯುವ ಮಾತು ಪರದೆ ದಾಟಿ ನನಗೂ ಕೇಳುತ್ತಿತ್ತು. "ಶಕುಂತಲಾ, ದೊಡ್ಡ ಬ್ಯಾನಿ ಏನರ ಬಂದೈತೇನವ್ವಾ?" ಎಂದು ಪಿಸುಗುಟ್ಟುವವರು ಕೆಲವರು. "ಮೊದಲ ಮುಖದಾಗ ಕಳೆ ಇತ್ತು ನೋಡು," ಅನ್ನುವವರು ಕೆಲವರು. ಧೈರ್ಯ ಮಾಡಿ ಒಂದು ಸೀಮಂತಕ್ಕೆ ಹೋದಳು. ಎರಡು ತುತ್ತಿಗೆ ಕೈ ತೊಳೆದದ್ದನ್ನು ಕಂಡು ಆ ಮನೆಯವರು ಮುಖ ಸಣ್ಣದು ಮಾಡಿಕೊಂಡರಂತೆ. ಅಲ್ಲಿಂದ ಬಂದವಳು ಸೀರೆ ಸಹ ಬದಲಿಸದೆ ಬಹಳ ಹೊತ್ತು ನನ್ನ ಮೇಲೆ ಕೂತಿದ್ದಳು. ದಪ್ಪಗಿದ್ದಾಗ ಊಟ ಇಷ್ಟು ಬೇಕೇ ಎಂದು ನೋಡುತ್ತಿದ್ದ ಜನವೇ, ಈಗ ಇಷ್ಟೇ ಸಾಕೇ ಎಂದು ನೋಡುತ್ತಿದ್ದರು.

ಒಂದು ದಿನ ಕೈ ತೊಳೆಯುವಾಗ ಅವಳ ಬಳೆಗಳು ಜಾರಿ ಬಚ್ಚಲಲ್ಲಿ ಬಿದ್ದು ಒಡೆದವು. ಬಸಲಿಂಗವ್ವ ಬಳೆಯ ಡಬ್ಬಿ ತಂದು, ಎಷ್ಟೋ ದಿನಗಳ ಮೇಲೆ ನನ್ನ ಮೇಲೆ ಕೂತಳು. ತಂಗಿಯ ಕೈ ಹಿಡಿದು, ಬೆರಳು ಒತ್ತಿ ಒಂದು ಹಸಿರು ಬಳೆ ಏರಿಸಿದಳು. ಅದು ಸರ್ರನೆ ಮೊಣಕೈ ತನಕ ಹೋಯಿತು.

"ಎರಡು-ಹತ್ತರ ಅಳತಿ ಬಳಿನೂ ಸಾಲದ ಕೈ. ಈಗ ಎರಡು-ಆರು ಸೈತ ಸಡ್ಲ."

ಬೇರೆ ಡಬ್ಬಿ ತೆಗೆದಳು. ಈ ಸಲ ಬಳೆ ಮಣಿಕಟ್ಟಿನಲ್ಲಿ ನಿಂತಿತು. ಅಕ್ಕ ಕೈ ಬಿಡಲಿಲ್ಲ. ಎಲುಬು ಕಾಣುವ ಆ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ಅವ್ವನ ಕೈ ಆಗೈತಿ ಶಕ್ಕು."

ಶಕುಂತಲೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕ ಡಬ್ಬಿ ಮುಚ್ಚಿ, ಒಲೆಯ ಮೇಲೆ ಹಾಲಿದೆ ಎಂದು ಎದ್ದುಬಿಟ್ಟಳು.

ಅದರ ಮರುವಾರ ಮಧ್ಯಾಹ್ನ ಶಕುಂತಲೆ ಬಟ್ಟಲು ಹಾಗೆಯೇ ಬಿಟ್ಟು ಅಡುಗೆಮನೆಯ ಬಾಗಿಲಿಗೆ ಹೋದಳು. ನನಗೆ ಅಲ್ಲಿಂದ ಇಬ್ಬರೂ ಕಾಣುತ್ತಿದ್ದರು. ಬಸಲಿಂಗವ್ವ ಕಟ್ಟೆಯ ಮುಂದೆ ಬೆನ್ನು ತಿರುಗಿಸಿ ನಿಂತು, ಬೋಗುಣಿಯಿಂದಲೇ ಅವಸರವಾಗಿ ಉಣ್ಣುತ್ತಿದ್ದಳು. ತಂಗಿಯ ನೆರಳು ಬಿದ್ದದ್ದೇ, ಕದ್ದು ಸಿಕ್ಕವಳಂತೆ ಬೋಗುಣಿಯ ಮೇಲೆ ತಟ್ಟೆ ಮುಚ್ಚಿದಳು.

"ನಿಂತ ಯಾಕ ಉಣ್ಣಾಕತ್ತಿ ಅಕ್ಕಾ?"

"ಮತ್ತೇನ್ ಮಾಡ್ಲಿ? ನಿನ್ನ ಮುಂದ ಕೂತು ಉಂಡ್ರ ಗಂಟಲದಾಗ ಇಳಿಯೂದಿಲ್ಲ. ಅವತ್ತ ನಾನ ಹೋಳಿಗಿ ತಿನಿಸಿ ನಿನ್ನ ಸಾಯಿಸ್ತಿದ್ದೆ." ಅವಳು ಬೋಗುಣಿಯನ್ನು ಇನ್ನೂ ಹಿಂದಕ್ಕೆ ಸರಿಸಿದಳು. "ನನ್ನ ಕೈಯ ಇಬ್ರಿಗೆ ಮಾಡೂ ಕೈ. ಒಬ್ಬಾಕಿಗೆ ಮಾಡಾಕ ಬರವೊಲ್ಲದು. ಚೆಲ್ಲಾಕ ಮನಸ್ಸ ಬರೂದಿಲ್ಲ. ಉಳಿದದ್ದೂ ನಾನ ಉಣ್ತೀನಿ. ನೀ ಇಳದಷ್ಟು ನಾ ಏರಾಕತ್ತೀನಿ, ನೋಡಿಲ್ಲೇನ?"

ಶಕುಂತಲೆ ನೋಡಿರಲಿಲ್ಲ. ತನ್ನ ಮೈಯನ್ನೇ ನೋಡಿಕೊಳ್ಳುತ್ತಿದ್ದವಳಿಗೆ ಅಕ್ಕನ ಊದಿದ ಪಾದಗಳು ಕಂಡಿರಲಿಲ್ಲ. ಈಗ ಕಂಡವು. ಅವಳು ಒಳಗೆ ಹೋಗಿ ಬೋಗುಣಿ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟಳು. ಆಮೇಲೆ ಅಕ್ಕನ ತೋಳು ಹಿಡಿದು ಕರೆತಂದು ನನ್ನ ಮೇಲೆ ಕೂರಿಸಿದಳು.

"ನನಗ ಮೊದಲಿನಂಗ ಉಣ್ಣಾಕ ಆಗೂದಿಲ್ಲ ಅಕ್ಕಾ. ಆದ್ರ ಕೂಡ್ರಾಕ ಆಗತೈತಿ. ನೀ ಒಳಗ ನಿಂತು ಉಂಡ್ರ ನನ್ನ ಎರಡು ಚಮಚೆನೂ ಇಳಿಯೂದಿಲ್ಲ."

ಬಸಲಿಂಗವ್ವ ತಲೆ ತಗ್ಗಿಸಿ ಉಂಡಳು. ಅರ್ಧ ರೊಟ್ಟಿ ಉಂಡು ಸಾಕೆಂದಳು. ಮರುದಿನವೂ ಹಾಗೆಯೇ. ಹಲವು ದಿನಗಳ ಮೇಲೆ, ಅಂಗಡಿಗೆ ಬಂದ ಯಾರೋ ಮುದುಕಿಯ ಚೌಕಾಸಿಯನ್ನು ಶಕುಂತಲೆ ಅಣಕಿಸಿ ತೋರಿಸಿದಾಗ, ಅಕ್ಕ ಬಾಯಿ ತುಂಬ ತುತ್ತಿಟ್ಟುಕೊಂಡೇ ನಕ್ಕಳು. ನಾನು ಆ ದಿನವನ್ನು ಮರೆತಿಲ್ಲ. ಆದರೆ ಎಲ್ಲವೂ ಮೊದಲಿನಂತಾಯಿತು ಎಂದರೆ ಸುಳ್ಳಾಗುತ್ತದೆ. ಹಬ್ಬ ಬಂದರೆ ಅಕ್ಕನ ತಾಟಿನ ಕಡೆ ಶಕುಂತಲೆಯ ಕಣ್ಣು ಹೋಗಿ, ಥಟ್ಟನೆ ತಿರುಗಿ ಬರುತ್ತಿತ್ತು. ಬಸಲಿಂಗವ್ವನೂ ಡಾಕ್ಟರ ಹತ್ತಿರ ಹೋಗಿ ಬಂದಳು, ಅಡುಗೆಗೆ ಸಣ್ಣ ಪಾತ್ರೆ ತಂದಳು. ಅವಳ ಕಾಲು ಮಾತ್ರ ಸುಧಾರಿಸಲಿಲ್ಲ.

ಕೆಲ ವರ್ಷಕ್ಕೆ ಓಣಿಯ ರಸ್ತೆ ಅಗಲ ಮಾಡಿದರು. ಅಂಗಡಿ ಹೋಯಿತು. ಅಕ್ಕತಂಗಿಯರು ಬೇರೆ ಓಣಿಯಲ್ಲಿ ಒಂದು ಬಾಡಿಗೆ ಮಹಡಿ ಹಿಡಿದರು. ಆ ಮೆಟ್ಟಿಲಿನ ತಿರುವಿನಲ್ಲಿ ನಾನು ತಿರುಗಲಿಲ್ಲ. ಹಮಾಲರು ಎಷ್ಟು ಒದ್ದಾಡಿದರೂ ಆಗಲಿಲ್ಲ. "ಕಾಲು ಕೊಯ್ದ್ರ ಹೋಗತೈತ್ರಿ," ಅಂದ ಒಬ್ಬ. "ಬ್ಯಾಡ, ಕೊಯ್ಯಬ್ಯಾಡ್ರಿ," ಅಂದಳು ಶಕುಂತಲೆ. ನನ್ನನ್ನು ಮಿರ್ಚಿ ಕರಿಯುವ ದಾವಲಸಾಬನ ಅಂಗಡಿಗೆ ಕೊಟ್ಟರು.

ಈಗ ನಾನು ಅವನ ಅಂಗಡಿಯ ಮೂಲೆಯಲ್ಲಿ ಇದ್ದೇನೆ. ಮೈತುಂಬ ಎಣ್ಣೆಯ ಜಿಡ್ಡು, ಒಂದು ಕಡೆ ಬಿರುಕು. ಗಿರಮಿಟ್ ತಿನ್ನಲು ಬರುವವರು ಕೂರುತ್ತಾರೆ, ಏಳುತ್ತಾರೆ. ಯಾರ ಭಾರವೂ ನೆನಪಿನಲ್ಲಿ ಉಳಿಯುವಷ್ಟು ಹೊತ್ತು ಇರುವುದಿಲ್ಲ. ನಾನು ಜನರನ್ನು ಗುರುತಿಸುವುದು ಅವರ ಭಾರದಿಂದ. ಈ ಜಿಡ್ಡು ಮೆತ್ತಿದ ಮೇಲೆ ಮುಖಗಳು ನನಗೆ ಚೆನ್ನಾಗಿ ಕಾಣುವುದಿಲ್ಲ.

ಮೊನ್ನೆ ಸಂಜೆ ಒಬ್ಬ ಹೆಂಗಸು ಬಂದು ಕೂತಳು. ನಾನು ಬಲ್ಲ ಯಾವ ಭಾರಕ್ಕಿಂತಲೂ ಹಗುರಾದ ಮೈ. ಯಾರೋ ಹೊಸಬಳು ಎಂದುಕೊಂಡೆ. ಆಮೇಲೆ ಅವಳು ಮಾತಾಡಿದಳು.

"ಸಾಹೇಬ್ರ, ಮಿರ್ಚಿ ಒಂದು ಪ್ಲೇಟ ಕಟ್ರಿ. ಖಾರ ಕಡಿಮಿ ಇರೂವು ನೋಡಿ ಹಾಕ್ರಿ, ಅಕ್ಕಗ ತಡಿಯೂದಿಲ್ಲ."

ನಾನು ಬೆಚ್ಚಿದೆ. ಅದು ಶಕುಂತಲೆಯ ದನಿ. ನನ್ನ ಮೇಲೆ ಅಷ್ಟು ವರ್ಷ ಕೂತು ಉಂಡವಳು, ನಿದ್ದೆ ಮಾಡಿದವಳು, ಅತ್ತವಳು ಬಂದು ಕೂತರೂ ನನಗೆ ಗುರುತು ಸಿಕ್ಕಿರಲಿಲ್ಲ.

"ನಿಮಗೊಂದು ಪ್ಲೇಟ್ ಗಿರಮಿಟ್ ಹಚ್ಚಲೇನ್ರಿ ಅಕ್ಕಾರ?" ಎಂದ ದಾವಲಸಾಬ.

"ನನಗ ಬ್ಯಾಡ್ರಿ. ಆಕಿಗೆ ಈಗ ಮೆಟ್ಲ ಇಳಿಯಾಕ ಆಗೂದಿಲ್ಲ. ಬಿಸಿ ಇದ್ದಾಗ ಮುಟ್ಟಿಸಬೇಕು, ಅಷ್ಟ. ಆರಿದ್ರ ಮುಟ್ಟೂದಿಲ್ಲ ನಮ್ಮಾಕಿ."

ಪೊಟ್ಟಣ ಕೈಗೆ ಬಂತು. ಅವಳು ಅದನ್ನು ಸೆರಗಿನಲ್ಲಿ ಸುತ್ತಿ, ನನ್ನನ್ನು ಹಿಡಿದುಕೊಳ್ಳದೆಯೇ ಎದ್ದಳು. ತಿರುಗಿ ನೋಡಲಿಲ್ಲ. ಜಿಡ್ಡು ಹಿಡಿದ ನಾನು ಆ ಅವಸರದಲ್ಲಿ ಅವಳ ಗಮನಕ್ಕೂ ಬಂದಿರಲಿಕ್ಕಿಲ್ಲ. ಬೀದಿಯ ಗದ್ದಲದಲ್ಲಿ ಅವಳ ಚಪ್ಪಲಿಯ ಸದ್ದು ಸ್ವಲ್ಪ ದೂರದವರೆಗೆ ಕೇಳಿತು. ಚಟಪಟ ಎಂದು ಅವಸರದಲ್ಲಿ ಹೋಗುತ್ತಿತ್ತು. ನಾನು ಅವಳು ಕೂತದ್ದನ್ನು ಬಲ್ಲೆ, ಒರಗಿದ್ದನ್ನು ಬಲ್ಲೆ. ಅವಳು ಓಡುನಡಿಗೆಯಲ್ಲಿ ಹೋಗುವುದನ್ನು ಕೇಳಿದ್ದು ಅದೇ ಮೊದಲು.